ಮಗ ಶಾಲೆಗೆ ಆಮೆ ತೆಗೆದುಕೊಂಡು ಹೋಗಿದ್ದ. ಈಗ ಏನು ಮಾಡಬೇಕು?

ಮೂರನೇ ಮಹಡಿ ಅಮ್ಮ | ಗುರುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾವು ಇರುವುದು ಬೆಂಗಳೂರಲ್ಲಿ. ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸ್. ದಸರಾ ರಜೆಗೆ ಕೋಲಾರ ಜಿಲ್ಲೆಯಲ್ಲಿರುವ ನನ್ನ ತವರಿಗೆ ಹೋಗಿದ್ದ. ಭಾನುವಾರ ನಮ್ಮ ಅಪ್ಪ ಬಸ್ಸಲ್ಲಿ ಕರೆದುಕೊಂಡು ಬಂದು ಬಿಟ್ಟು ಹೋದರು. ಬ್ಯಾಗ್ ತುಂಬ ಹಸಿ ಕಡಲೆಕಾಯಿ, ರಾಗಿ ಹಿಟ್ಟು, ಅಮ್ಮ ಮಾಡಿದ ನಿಪ್ಪಟ್ಟು. ಅದರ ಜೊತೆ ಒಂದು ಆಮೆಯೂ ಬಂದಿದೆ ಅಂತ ನನಗೆ ಗೊತ್ತಾಗಿದ್ದು ಇವತ್ತು ಬೆಳಗ್ಗೆ ಹನ್ನೊಂದಕ್ಕೆ, ಶಾಲೆಯಿಂದ ಫೋನ್ ಬಂದಾಗ.

ನಾಲ್ಕು ದಿನ ಅದನ್ನು ತನ್ನ ಮಂಚದ ಕೆಳಗೆ ಶೂ ಡಬ್ಬದಲ್ಲಿ ಇಟ್ಟುಕೊಂಡಿದ್ದ. ಇವತ್ತು ಪರಿಸರ ಪಾಠದಲ್ಲಿ ಪ್ರಾಣಿಗಳ ಬಗ್ಗೆ ಇದೆ ಅಂತ ಊಟದ ಬ್ಯಾಗಲ್ಲಿ ಇಟ್ಟುಕೊಂಡು ಹೋಗಿದ್ದಾನೆ. ಕೆಳಗೆ ಕರ್ಚೀಫ್ ಹಾಸಿ, ಪಕ್ಕದಲ್ಲಿ ಸೌತೆಕಾಯಿ ಹೋಳು ಇಟ್ಟು. ಊಟದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ, ಜಾಗ ಸಾಲಲಿಲ್ಲ ಅಂತ.

ಡೆಸ್ಕ್ ಮೇಲೆ ಇಟ್ಟಾಗ ಮಕ್ಕಳೆಲ್ಲ ಮುತ್ತಿಕೊಂಡರಂತೆ. ಟೀಚರ್ ಹೆದರಿ ಆಫೀಸಿಗೆ ಹೇಳಿದರು. ಅಲ್ಲಿಂದ ಒಬ್ಬರು ಬಂದು ಆಮೆಯನ್ನು ತೆಗೆದುಕೊಂಡು ಹೋಗಿ ಬಕೆಟ್ ತುಂಬ ನೀರು ಹಿಡಿದು ಅದರಲ್ಲಿ ಬಿಟ್ಟಿದ್ದಾರೆ. ಆಮೆ ಅಂದರೆ ನೀರು ತಾನೇ ಅಂದುಕೊಂಡು. ಇವನು ಹಿಂದೆಯೇ ಓಡಿದ್ದಾನೆ. ಇದು ಹೊಲದ ಆಮೆ, ಈಜಕ್ಕೆ ಬರಲ್ಲ, ತಾತ ಹೇಳಿದ್ದಾರೆ ಅಂತ ಕೂಗಿದ್ದಾನೆ. ಆಫೀಸಲ್ಲಿ ಕೂಗಬಾರದು ಅಂತ ಬೈದರಂತೆ. ಆಮೆ ಬಕೆಟ್ ತಳಕ್ಕೆ ಹೋಗಿ ಕಾಲು ಆಡಿಸುತ್ತಿತ್ತಂತೆ. ಇವನು ಸ್ವೆಟರ್ ಸಮೇತ ತೋಳು ಪೂರ್ತಿ ಮುಳುಗಿಸಿ ಎತ್ತಿದ್ದಾನೆ. ನಾನು ಹೋದಾಗ ಅವನ ಬಲಗಡೆಯ ತೋಳು ಹೆಗಲವರೆಗೂ ಒದ್ದೆ. ಆಮೆಯನ್ನು ಹೊಟ್ಟೆಗೆ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ. ಯಾರಿಗೂ ಕೊಡುತ್ತಿರಲಿಲ್ಲ.

ಈಗ ಶಾಲೆಯವರು ಅವನಿಂದ ಕ್ಷಮಾಪಣೆ ಪತ್ರ ಬರೆಸಿಕೊಂಡು ಬನ್ನಿ, ಸೋಮವಾರದವರೆಗೆ ಕಳಿಸಬೇಡಿ ಅಂದಿದ್ದಾರೆ. ಆಮೆ ನಮ್ಮ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಟಬ್ಬಲ್ಲಿದೆ. ಕಪ್ಪು ಚಿಪ್ಪು, ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಒಬ್ಬರು ವಾಸ್ತುಗೆ ತುಂಬ ಒಳ್ಳೇದು, ಇಟ್ಟುಕೊಳ್ಳಿ ಅಂದರು. ಇನ್ನೊಬ್ಬರು ಐದು ಸಾವಿರ ಕೊಡುತ್ತೇನೆ, ನನಗೆ ಕೊಡಿ ಅಂತ ಮೆಸೇಜ್ ಮಾಡಿದರು. ಮಗ ಊಟ ಬಿಟ್ಟಿದ್ದಾನೆ. ಏನು ಮಾಡಲಿ ಹೇಳಿ.

ಜಾಲಿಮರ | ರಾತ್ರಿ 9:18

ಒಂದು ಫೋಟೊ ಹಾಕಿ ಮೇಡಂ. ಯಾವ ಊರಲ್ಲಿ ಸಿಕ್ಕಿದ್ದು?

ಕಾಡಂಚಿನವನು | ರಾತ್ರಿ 9:21

ಮೇಡಂ, ಫೋಟೊ ಹಾಕಬೇಡಿ. ಊರಿನ ಹೆಸರು ಅಂತೂ ಹಾಕಲೇಬೇಡಿ. ಜಾಲಿಮರ ಅವರೇ, ನೀವು ಕೆಟ್ಟ ಉದ್ದೇಶದಿಂದ ಕೇಳಿದ್ದೀರಿ ಅಂತ ನಾನು ಹೇಳುತ್ತಿಲ್ಲ. ಇಂಥ ಜಾಗಗಳನ್ನು ಹುಡುಕಿಕೊಂಡು ಓದುವವರು ಇದ್ದಾರೆ.

ವರ್ಣನೆ ನೋಡಿದರೆ ಇದು ನಕ್ಷತ್ರ ಆಮೆ. ಕೋಲಾರ, ಚಿಕ್ಕಬಳ್ಳಾಪುರ, ಅದರ ಆಚೆ ಆಂಧ್ರದ ಗಡಿಯ ಕುರುಚಲು ಕಾಡು, ಕಲ್ಲುಬಂಡೆ, ಹೊಲದ ಬದು, ಇವೇ ಅದರ ಮನೆ. ಒಣ ಹುಲ್ಲಲ್ಲಿ ಆ ಹಳದಿ ಗೆರೆ ಬಿಸಿಲು ನೆರಳಿನ ಹಾಗೇ ಕಾಣುತ್ತದೆ, ಕಾಲ ಬುಡದಲ್ಲಿ ಇದ್ದರೂ ಗೊತ್ತಾಗಲ್ಲ. ಆ ಅಂದವೇ ಅದಕ್ಕೆ ಶಾಪ ಆಗಿದೆ. ಪ್ರಪಂಚದಲ್ಲಿ ಅತಿ ಹೆಚ್ಚು ಕಳ್ಳಸಾಗಣೆ ಆಗುವ ಆಮೆಗಳಲ್ಲಿ ಇದೂ ಒಂದು. ಚೆನ್ನೈ, ಬೆಂಗಳೂರು ವಿಮಾನ ನಿಲ್ದಾಣಗಳಲ್ಲಿ ಬಟ್ಟೆ ಸುತ್ತಿ, ಸೂಟ್‌ಕೇಸಲ್ಲಿ ತುಂಬಿಕೊಂಡು ಹೋಗುವವರು ಎಷ್ಟು ಸಲ ಸಿಕ್ಕಿಬಿದ್ದಿದ್ದಾರೆ.

ಕಾನೂನು ಹೇಳುತ್ತೇನೆ, ಹೆದರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು 2022ರಲ್ಲಿ ತಿದ್ದಿದರು, ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊದಲು ನಾಲ್ಕನೇ ಪಟ್ಟಿಯಲ್ಲಿದ್ದ ಈ ಆಮೆ ಈಗ ಒಂದನೇ ಪಟ್ಟಿಯಲ್ಲಿದೆ, ಹುಲಿ ಆನೆ ಇರುವ ಪಟ್ಟಿ. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲಕ್ಕೂ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ದಂಡ. ಐದು ಸಾವಿರ ಕೊಡುತ್ತೇನೆ ಅಂದವರಿಗೆ ಇದನ್ನು ಓದಿ ಹೇಳಿ. ಇಂಥ ಪ್ರಾಣಿ ಕೈಗೆ ಬಂದರೆ 48 ಗಂಟೆಯೊಳಗೆ ಅಧಿಕಾರಿಗಳಿಗೋ ಪೊಲೀಸರಿಗೋ ತಿಳಿಸಿ ಒಪ್ಪಿಸಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ನಿಮಗೆ ಗೊತ್ತಾಗಿದ್ದು ಇವತ್ತು. ಹಾಗಾಗಿ ನಾಳೆ ಬೆಳಗ್ಗೆಯೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ನಡೆದದ್ದನ್ನು ನಡೆದ ಹಾಗೇ ಹೇಳಿ. ತಾನಾಗಿ ಒಪ್ಪಿಸುವವರ ಹತ್ತಿರ, ಅದರಲ್ಲೂ ಮಗು ತಂದದ್ದು ಅಂದಾಗ, ಅವರು ಚೆನ್ನಾಗಿಯೇ ಮಾತಾಡುತ್ತಾರೆ. ನಾನು ಇಪ್ಪತ್ತು ವರ್ಷ ಅವರ ಜೊತೆ ಓಡಾಡಿದ್ದೇನೆ.

ದನದ ಡಾಕ್ಟರು | ರಾತ್ರಿ 9:40

ಅಮ್ಮಾ, ಕಾನೂನು ನಾಳೆಗಿರಲಿ. ಈ ರಾತ್ರಿಯದು ಮೊದಲು ನೋಡಿ.

ಟಾರ್ಚ್ ಹಾಕಿ ಮೂಗು ನೋಡಿ. ಗುಳ್ಳೆ ಬರುತ್ತಿದೆಯಾ? ಬಾಯಿ ತೆರೆದು, ಕತ್ತು ಮುಂದಕ್ಕೆ ಚಾಚಿ ಉಸಿರೆಳೆಯುತ್ತಿದೆಯಾ? ಸೀಟಿಯ ಹಾಗೆ ಸದ್ದು ಬರುತ್ತಿದೆಯಾ? ಇವುಗಳಲ್ಲಿ ಒಂದು ಇದ್ದರೂ ಬೆಳಗಿನವರೆಗೆ ಕಾಯಬೇಡಿ, ಈಗಲೇ ಹೊರಡಿ. ಆಮೆಗೆ ನಮ್ಮ ಹಾಗೆ ಕೆಮ್ಮಿ ನೀರು ಹೊರಹಾಕಲು ಆಗಲ್ಲ. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಎರಡು ಮೂರು ದಿನ ಬಿಟ್ಟು ನ್ಯುಮೋನಿಯಾ ಆಗಬಹುದು. ಕೆಂಗೇರಿ ಹತ್ತಿರ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ.

ಅದು ಸರಿ ಇದೆ ಅಂದರೆ ಟಬ್ಬಿನ ನೀರು ಪೂರ್ತಿ ತೆಗೆದುಬಿಡಿ. ನಿಮ್ಮ ಮಗ ಹೇಳಿದ್ದು ನೂರಕ್ಕೆ ನೂರು ಸರಿ. ಕೆರೆ ಆಮೆಯ ಕಾಲಲ್ಲಿ ಬೆರಳುಗಳ ನಡುವೆ ಚರ್ಮ ಇರುತ್ತದೆ, ದೋಣಿಯ ಹುಟ್ಟಿನ ಹಾಗೆ ಕೆಲಸ ಮಾಡುತ್ತದೆ. ನೆಲದ ಆಮೆಯ ಕಾಲು ಪುಟ್ಟ ಆನೆಯ ಕಾಲಿನ ಹಾಗೆ, ದಪ್ಪ ಕಂಬ. ನೀರಿಗೆ ಬಿಟ್ಟರೆ ಕಲ್ಲಿನ ಹಾಗೆ ಮುಳುಗುತ್ತದೆ. ಮನೆಗಳಲ್ಲಿ ಮೀನಿನ ತೊಟ್ಟಿಗೆ ಹಾಕಿ ಕೊಂದ ನಕ್ಷತ್ರ ಆಮೆಗಳನ್ನು ನಾನೇ ನೋಡಿದ್ದೇನೆ, ಆ ಮನೆಯವರಿಗೆ ಏನಾಯಿತು ಅಂತ ಕೂಡ ಗೊತ್ತಾಗಿರಲಿಲ್ಲ.

ರಟ್ಟಿನ ಡಬ್ಬದಲ್ಲಿ ಹಳೇ ಕಾಟನ್ ಸೀರೆ ಹಾಸಿ, ಒಳಗಡೆ ಬೆಚ್ಚಗಿರುವ ಕತ್ತಲೆ ಮೂಲೆಯಲ್ಲಿ ಇಡಿ. ಬಾಲ್ಕನಿ ಬೇಡ, ರಾತ್ರಿ ತಂಪು, ಬೆಕ್ಕು, ಕಾಗೆ. ಅದರ ಮೈಗೆ ಸ್ವಂತ ಶಾಖ ಇಲ್ಲ. ಬೆಳಗ್ಗೆ ಅಗಲ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು, ಅದರ ಗದ್ದಕ್ಕಿಂತ ಕೆಳಗೆ ಬರುವಷ್ಟು ಮಾತ್ರ, ಹದಿನೈದು ನಿಮಿಷ ನಿಲ್ಲಿಸಿ, ಪಕ್ಕದಲ್ಲೇ ಇರಿ. ಹೆದರಿದಾಗ ಆಮೆ ಉಚ್ಚೆ ಹೊಯ್ದುಬಿಡುತ್ತದೆ, ಮೈಯಲ್ಲಿ ಕೂಡಿಟ್ಟ ನೀರು ಹಾಗೇ ಖಾಲಿ. ಅದನ್ನು ತುಂಬಿಕೊಳ್ಳಲಿ. ತಿನ್ನಲು ದಾಸವಾಳದ ಎಲೆ, ಹೂವು, ಗರಿಕೆ. ಬ್ರೆಡ್, ಹಾಲು, ಅನ್ನ ಬೇಡ.

ಮುಟ್ಟಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಿರಿ. ಆಮೆ, ಹಲ್ಲಿ, ಹಾವು ಇವುಗಳ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಅವಕ್ಕೆ ಏನೂ ಆಗಲ್ಲ, ನಮಗೆ ಭೇದಿ, ಜ್ವರ ಬರುತ್ತದೆ. ಮನೆಯಲ್ಲಿ ಚಿಕ್ಕ ಕೂಸು ಇದ್ದರೆ ದೂರ ಇಡಿ.

ಮೂರನೇ ಮಹಡಿ ಅಮ್ಮ | ರಾತ್ರಿ 10:25

ಡಾಕ್ಟರ್, ಗುಳ್ಳೆ ಇಲ್ಲ. ಸದ್ದೂ ಇಲ್ಲ. ಕತ್ತು ಒಳಗೆ ಎಳೆದುಕೊಂಡಿದೆ. ನೀವು ಬರೆದದ್ದನ್ನು ಅವನಿಗೇ ಓದಿ ಹೇಳಿದೆ. ‘ಕಾಲು ಆನೆಯ ಕಾಲಿನ ಹಾಗೆ’ ಅಂತ ಬಂದಾಗ ಎದ್ದು ಕೂತ. ಈಗ ನನ್ನ ಹಳೇ ಸೀರೆ ಹುಡುಕುತ್ತಿದ್ದಾನೆ. ಎರಡು ಇಡ್ಲಿ ತಿಂದ.

ಸ್ಟಾಫ್ ರೂಮ್ | ರಾತ್ರಿ 10:50

ನಾನು ಹದಿನಾರು ವರ್ಷದಿಂದ ಖಾಸಗಿ ಶಾಲೆಯಲ್ಲಿ ಟೀಚರ್. ಬೇಜಾರು ಮಾಡಿಕೊಳ್ಳಬೇಡಿ, ಶಾಲೆಯ ಕಡೆಯಿಂದಲೂ ಯಾರಾದರೂ ಮಾತಾಡಬೇಕಲ್ವಾ. ಒಂದು ಕ್ಲಾಸಲ್ಲಿ ನಲವತ್ತು ಮಕ್ಕಳು. ಒಂದು ಮಗುವಿಗೆ ಉಬ್ಬಸ, ಇನ್ನೊಂದಕ್ಕೆ ನಾಯಿ ಕಂಡರೂ ಭಯ. ಯಾರಿಗಾದರೂ ಏನಾದರೂ ಆದರೆ ಸಂಜೆ ಗೇಟ್ ಹತ್ತಿರ ನಿಂತು ಉತ್ತರ ಕೊಡಬೇಕಾದವಳು ಟೀಚರ್. ಡಾಕ್ಟರ್ ಹೇಳಿದ ಸೋಂಕಿನ ವಿಷಯ ನನಗೇ ಗೊತ್ತಿರಲಿಲ್ಲ. ಹೇಳದೆ ಕೇಳದೆ ಪ್ರಾಣಿ ತರುವುದು ತಪ್ಪು, ಅದನ್ನು ಮಗುವಿಗೆ ಹೇಳಲೇಬೇಕು.

ಆದರೆ ಆ ಕ್ಷಮಾಪಣೆ ಪತ್ರ ನನಗೂ ಸರಿ ಕಾಣಲಿಲ್ಲ. ಎಲ್ಲ ದೊಡ್ಡವರ ಮಧ್ಯೆ ಆ ಬಕೆಟ್ ಹತ್ತಿರ ಸರಿಯಾದ ವಿಷಯ ಗೊತ್ತಿದ್ದವನು ಅವನೊಬ್ಬನೇ. ಪತ್ರ ಬರೆಸಿದರೆ ಅವನು ಕಲಿಯುವುದು ಇಷ್ಟೇ, ಇನ್ನೊಂದು ಸಲ ಏನೇ ಕಂಡರೂ ಕೂಗಬಾರದು ಅಂತ.

ದೂರದ ಅಮ್ಮ | ಶುಕ್ರವಾರ, ಬೆಳಗಿನ ಜಾವ 4:15

ನಾನು ನ್ಯೂಜೆರ್ಸಿಯಲ್ಲಿದ್ದೇನೆ, ನಿಮ್ಮ ರಾತ್ರಿ ನಮ್ಮ ಸಂಜೆ. ಮಗಳ ಕ್ಲಾಸಲ್ಲಿ ಮನೆಯ ವಸ್ತು ತಂದು ತೋರಿಸುವ ದಿನ ಅಂತ ಇರುತ್ತದೆ, ಪ್ರಾಣಿ ತರುವುದಾದರೆ ಮೊದಲೇ ಟೀಚರಿಗೆ ಬರೆದು ಕೇಳಬೇಕು. ಹೋದ ವರ್ಷ ಒಬ್ಬ ಹುಡುಗ ಗಡ್ಡದ ಓತಿಕ್ಯಾತ ತಂದಿದ್ದ. ಗಾಜಿನ ಪೆಟ್ಟಿಗೆ ಮುಚ್ಚಳ ತೆಗೆಯಲಿಲ್ಲ, ಮಕ್ಕಳು ಸುತ್ತ ಕೂತು ನೋಡಿದರು ಅಷ್ಟೇ.

ಆಮೆಯ ಬಗ್ಗೆ ಇಲ್ಲಿ ಒಂದು ಹಳೇ ನಿಯಮ ಇದೆ. ಚಿಪ್ಪು ನಾಲ್ಕು ಇಂಚಿಗಿಂತ ಚಿಕ್ಕದಿರುವ ಆಮೆ ಮರಿಗಳನ್ನು ಸಾಕಲು ಮಾರುವಂತಿಲ್ಲ, 1975ರಿಂದ. ಚಿಕ್ಕ ಮಕ್ಕಳು ಪುಟ್ಟ ಆಮೆಯನ್ನು ಬಾಯಿಗೆ ಇಟ್ಟುಕೊಂಡು ಕಾಯಿಲೆ ಬೀಳುತ್ತಿದ್ದರು, ಅದಕ್ಕೆ. ಡಾಕ್ಟರ್ ಹೇಳಿದ್ದು ಸುಮ್ನೆ ಹೆದರಿಸಲು ಅಲ್ಲ, ಅದನ್ನು ಹೇಳಬೇಕು ಅನಿಸಿತು.

ನಿಮ್ಮ ಮಗನನ್ನು ಒಂದು ಕೇಳಿ. ಯಾಕೆ ತಂದ? ಅವನು ಏನು ಹೇಳುತ್ತಾನೋ ಅದರ ಮೇಲೆ ಮುಂದಿನ ಮಾತು.

ಜಾಲಿಮರ | ಬೆಳಗ್ಗೆ 7:02

ಊರು ಕೇಳಿದ್ದಕ್ಕೆ ಕ್ಷಮಿಸಿ, ನನಗೆ ಹೊಳೆಯಲೇ ಇಲ್ಲ. ನಮ್ಮದೂ ಬಂಗಾರಪೇಟೆ ಕಡೆ. ನಮ್ಮ ಅಜ್ಜಿ ಕಾಲದಲ್ಲಿ ಆಮೆ ಮನೆಯೊಳಗೆ ಬಂದರೆ ಒಳ್ಳೇದಲ್ಲ ಅನ್ನುತ್ತಿದ್ದರು. ಅಂಗಳಕ್ಕೆ ಬಂದರೂ ಮೊರದಲ್ಲಿ ಎತ್ತಿಕೊಂಡು ಹೋಗಿ ಬೇಲಿ ಆಚೆ ಬಿಟ್ಟು ಬರುತ್ತಿದ್ದರು. ಈಗ ನೋಡಿದರೆ ಅದೇ ಆಮೆ ಮನೆಯಲ್ಲಿದ್ದರೆ ದುಡ್ಡು ಬರುತ್ತೆ ಅಂತಾರೆ. ಆ ಹಳೇ ನಂಬಿಕೆಯಲ್ಲಿ ಆಮೆಯಾದರೂ ಬದುಕುತ್ತಿತ್ತು.

ನನಗೆ ಅನಿಸುವುದು, ಇಷ್ಟೆಲ್ಲ ಯಾಕೆ, ಹತ್ತಿರದ ಯಾವುದಾದರೂ ಕೆರೆ ಪಕ್ಕ ಗಿಡಗಂಟಿ ಇರುವ ಕಡೆ ಬಿಟ್ಟುಬಿಟ್ಟರೆ ಆಯ್ತಲ್ವಾ?

ದನದ ಡಾಕ್ಟರು | ಬೆಳಗ್ಗೆ 7:30

ದಯವಿಟ್ಟು ಬೇಡ. ಬೆಂಗಳೂರಿನ ಕೆರೆ ದಡ ಅಂದರೆ ನಾಯಿ, ರಸ್ತೆ, ಜನ. ಅದಕ್ಕೆ ಬೇಕಾದ ಹುಲ್ಲು ಅಲ್ಲಿ ಇರಲ್ಲ, ಜೊತೆಗೆ ಅದರ ಜಾತಿಯ ಇನ್ನೊಂದು ಆಮೆಯೂ ಇರಲ್ಲ. ನಾಲ್ಕು ದಿನ ಮನೆಯಲ್ಲಿ ಇದ್ದು ಸೋಂಕು ಹತ್ತಿದ್ದರೆ ಅದನ್ನೂ ತೆಗೆದುಕೊಂಡು ಹೋಗುತ್ತದೆ. ಅಕ್ವೇರಿಯಂ ಅಂಗಡಿಯ ಆಮೆಗಳನ್ನು ಜನ ಹೀಗೇ ಕೆರೆಗೆ ಬಿಡುತ್ತಾರೆ, ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುತ್ತಲ್ಲ, ಅಮೆರಿಕದ್ದು, ತರುವಾಗ ರೂಪಾಯಿ ನಾಣ್ಯದಷ್ಟು ಇರುತ್ತದೆ, ಬೆಳೆದ ಮೇಲೆ ಊಟದ ತಟ್ಟೆಯಷ್ಟು ಆಗುತ್ತದೆ, ಆಗ ಯಾರಿಗೂ ಬೇಡ. ಅವು ನಮ್ಮ ಕೆರೆಯ ಆಮೆಗಳ ಜಾಗ, ಆಹಾರ ಎರಡನ್ನೂ ಕಸಿದುಕೊಳ್ಳುತ್ತವೆ. ಬಿಟ್ಟವರಿಗೆ ಪುಣ್ಯ ಬಂತು ಅಂತ ಸಮಾಧಾನ ಅಷ್ಟೇ.

ತುಂಗಾತೀರ | ಬೆಳಗ್ಗೆ 8:45

ನಾನು ಇಲ್ಲಿ ಬರೆಯುವುದು ಕಡಿಮೆ. ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ತೀರ್ಥಹಳ್ಳಿ ಕಡೆಯ ಶಾಲೆ, ನಾನು ಐದನೇ ಕ್ಲಾಸ್. ನನ್ನ ತಮ್ಮ ಎರಡನೇ ಕ್ಲಾಸ್. ಅವನು ಪಾಟಿಚೀಲದಲ್ಲಿ ಒಂದು ಹಸಿರು ಹಾವು ಹಾಕಿಕೊಂಡು ಬಂದಿದ್ದ, ಬಳ್ಳಿಯ ಹಾಗೆ ತೆಳ್ಳಗೆ ಉದ್ದಕ್ಕೆ ಇರುತ್ತದಲ್ಲ, ಅದು. ದಾಸವಾಳದ ಗಿಡದಲ್ಲಿ ದಿನಾ ನೋಡುತ್ತಿದ್ದ. ಅದು ಕಣ್ಣಿಗೆ ಕುಕ್ಕುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ, ಸುಳ್ಳು. ಅದರ ವಿಷ ಕಪ್ಪೆ ಹಲ್ಲಿಗೆ ಸಾಕು, ಮನುಷ್ಯನ ಜೀವಕ್ಕೆ ಏನೂ ಮಾಡಲ್ಲ. ಆದರೂ ಹಾವು ಹಾವೇ, ಮಗು ಮುಟ್ಟಬಾರದಿತ್ತು, ಒಪ್ಪುತ್ತೇನೆ. ಮೇಷ್ಟ್ರು ಚೀಲವನ್ನು ಅಂಗಳಕ್ಕೆ ಎಸೆದು ಚೀಲದ ಸಮೇತ ದೊಣ್ಣೆಯಿಂದ ಬಡಿದರು. ಒಳಗೆ ಅವನ ಸ್ಲೇಟು ಇತ್ತು, ಅದು ಒಡೆಯುವ ಸದ್ದು ನನಗೆ ಈಗಲೂ ಕೇಳುತ್ತದೆ. ಆಮೇಲೆ ಆ ಚೀಲ ತೊಳೆದು ಅದನ್ನೇ ವರ್ಷ ಪೂರ್ತಿ ಹಾಕಿಕೊಂಡು ಹೋದ. ನಮ್ಮ ಮನೆಯಲ್ಲಿ ಹೊಸದು ತರುವ ಶಕ್ತಿ ಇರಲಿಲ್ಲ.

ಅವನಿಗೆ ಈಗ ನಲವತ್ತೈದು. ಹಾವಿನ ಮಾತು ಬಂದರೆ ಎದ್ದು ಹೋಗುತ್ತಾನೆ.

ಅಕ್ಕ, ನಿಮ್ಮ ಮಗ ಆಮೆಯನ್ನು ಬದುಕಿಸಿಕೊಂಡು ಬಂದಿದ್ದಾನೆ. ಅದನ್ನು ಅವನಿಗೆ ಬಾಯಿಬಿಟ್ಟು ಹೇಳಿ.

ಹುಳುಮನೆ ಮೇಷ್ಟ್ರು | ಬೆಳಗ್ಗೆ 11:20

ನಾನು ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಸರ್ಕಾರಿ ಶಾಲೆ ಮೇಷ್ಟ್ರು. ನಮ್ಮಲ್ಲೂ ಇಂಥದ್ದೇ ಒಂದು ಆಯಿತು. ಆಮೆ ಅಲ್ಲ, ಹುಳು.

ನಾಲ್ಕನೇ ಕ್ಲಾಸ್ ಹುಡುಗಿ ಒಬ್ಬಳು ಸ್ವೀಟ್ ಬಾಕ್ಸಲ್ಲಿ ರೇಷ್ಮೆ ಹುಳು ತಂದಿದ್ದಳು. ಇಪ್ಪತ್ತೆರಡು ಹುಳು, ನಾಲ್ಕನೇ ಜ್ವರದಿಂದ ಆಗಷ್ಟೇ ಎದ್ದವು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮ ಕಡೆ ಜ್ವರ ಅಂದರೆ ಕಾಯಿಲೆ ಅಲ್ಲ. ಹುಳು ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ನಿಂತು, ಹಳೇ ಚರ್ಮ ಕಳಚುತ್ತದೆ. ಅದಕ್ಕೆ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಹೀಗೆ ನಾಲ್ಕು ಜ್ವರ. ಮೊಟ್ಟೆಯಿಂದ ಬಂದಾಗ ಇರುವೆಗಿಂತ ಚಿಕ್ಕದಾಗಿ ಕಪ್ಪಗೆ ಇರುವ ಹುಳು, ಇಪ್ಪತ್ತೈದು ಇಪ್ಪತ್ತೆಂಟು ದಿನದಲ್ಲಿ ದೊಡ್ಡವರ ಕಿರುಬೆರಳಿನಷ್ಟು ಆಗುತ್ತದೆ.

ಅವಳ ಪಕ್ಕದಲ್ಲಿ ಕೂರುವವಳು ಚೀರಿದಳು. ಆ ಮಗು ರೈಲ್ವೆ ಕೆಲಸಕ್ಕೆ ಬಂದ ಕುಟುಂಬದ್ದು, ಹುಳು ನೋಡಿಯೇ ಇರಲಿಲ್ಲ. ನನಗೂ ಮೊದಲು ಬಂದದ್ದು ಸಿಟ್ಟೇ. ಇನ್ಸ್‌ಪೆಕ್ಷನ್ ಇತ್ತು ಆ ವಾರ. ಬಾಕ್ಸ್ ಮುಚ್ಚಿ ಕಿಟಕಿ ಮೇಲೆ ಇಡು ಅಂದೆ. ಅವಳು, ಸಾರ್ ಮುಚ್ಚಿದರೆ ಬೆವರುತ್ತೆ, ಸಾಯುತ್ತೆ ಅಂದಳು. ಇಲ್ಲಿ ಈ ತಾಯಿ ಬರೆದ ಬಕೆಟ್ ವಿಷಯ ಓದಿದಾಗ ನನಗೆ ಅದೇ ನೆನಪಾಯಿತು.

ಸರಿ, ತೆರೆದೇ ಇಡು ಅಂದೆ. ಕ್ಲಾಸಿನ ಮಧ್ಯೆ ನೆಲದ ಮೇಲೆ ಪೇಪರ್ ಹಾಸಿ ಇಟ್ಟಳು. ಮೇಲೆ ಹೊಸ ಹಿಪ್ಪುನೇರಳೆ ಸೊಪ್ಪು ಹರಡಿದಳು. ಮಕ್ಕಳನ್ನು ಸುತ್ತ ಕೂರಿಸಿ, ಯಾರೂ ಮಾತಾಡಬೇಡಿ, ಕೇಳಿ ಅಂದೆ. ಹುಳು ಸೊಪ್ಪು ತಿನ್ನುವ ಸದ್ದು ಕೇಳಿದ್ದೀರಾ? ಹುಳುಮನೆಯಲ್ಲಿ ಸಾವಿರಾರು ಹುಳು ಒಟ್ಟಿಗೆ ಮೇಯುವಾಗ ಹೊರಗೆ ಮಳೆ ಬರುತ್ತಿದೆ ಅನಿಸುತ್ತದೆ. ಇಪ್ಪತ್ತೆರಡೇ ಆದರೂ ಕಿವಿ ಹತ್ತಿರ ಇಟ್ಟರೆ ಕೇಳುತ್ತಿತ್ತು, ಸಣ್ಣಗೆ. ಚೀರಿದ ಹುಡುಗಿಯೇ ಜಾಸ್ತಿ ಹೊತ್ತು ಬಗ್ಗಿ ಕೂತಿದ್ದಳು.

ಸಂಜೆ ಅವಳ ಅಜ್ಜಿ ಶಾಲೆಗೇ ಬಂದರು. ಹೊರಗೆ ಹೋದ ಹುಳು ವಾಪಸ್ ಹುಳುಮನೆಗೆ ಬರುವ ಹಾಗಿಲ್ಲ ಸಾರ್, ರೋಗ ತಂದರೆ ಬೆಳೆ ಪೂರ್ತಿ ಹೋಗುತ್ತೆ, ನೀವೇ ಇಟ್ಟುಕೊಳ್ಳಿ ಅಂದರು. ಹೌದು, ಹುಳುಮನೆಗೆ ಕಾಲು ತೊಳೆಯದೆ ನಾವೇ ಹೋಗುವಂತಿಲ್ಲ. ಹೀಗೆ ಹುಳು ನಮ್ಮ ಶಾಲೆಯದಾಯಿತು. ಎಂಟು ದಿನ ಮಕ್ಕಳು ಸರದಿ ಪ್ರಕಾರ ಸೊಪ್ಪು ತಂದರು. ಈ ಕೊನೆಯ ಹಂತದಲ್ಲೇ ಹುಳು ತನ್ನ ಜೀವಮಾನದ ಸೊಪ್ಪಿನ ಬಹುಪಾಲು ತಿನ್ನುತ್ತದೆ, ಎಷ್ಟು ಹಾಕಿದರೂ ಸಾಲದು. ಆಮೇಲೆ ಒಂದು ಬೆಳಗ್ಗೆ ತಿನ್ನುವುದು ನಿಂತಿತು. ಮೈ ಹಳದಿ ತಿರುಗಿ ಬೆಳಕಿಗೆ ಹಿಡಿದರೆ ಒಳಗೆ ಕಾಣುವ ಹಾಗೆ ಆಯಿತು. ಹುಳು ಹಣ್ಣಾಯಿತು ಸಾರ್ ಅಂತ ಅವಳು ಗೇಟಿನಿಂದಲೇ ಓಡಿ ಬಂದಳು. ಅಜ್ಜಿ ಹಳೇ ಚಂದ್ರಿಕೆಯ, ಅಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಯ, ಒಂದು ತುಂಡು ಕಳಿಸಿದರು. ಎರಡು ದಿನದಲ್ಲಿ ಗೂಡು ಕಟ್ಟಿದವು.

ಅಲ್ಲಿ ಒಂದು ಕಷ್ಟದ ಪ್ರಶ್ನೆ ಬಂತು. ಒಂದು ಗೂಡಿನ ನೂಲು ಬಿಡಿಸಿದರೆ 800ರಿಂದ 1,200 ಮೀಟರ್ ಇರುತ್ತದೆ, ಒಂದೇ ಎಳೆ, ಅಂತ ಹೇಳಿದೆ. ಅದು ಹೇಗೆ ಬಿಡಿಸುತ್ತಾರೆ ಸಾರ್ ಅಂತ ಆ ಹೊರಗಿನ ಹುಡುಗಿ ಕೇಳಿದಳು. ಬಿಸಿನೀರಲ್ಲಿ ಬೇಯಿಸುತ್ತಾರೆ. ಒಳಗಿರುವುದು? ಸಾಯುತ್ತದೆ. ನಾನು ಮುಚ್ಚಿಡಲಿಲ್ಲ. ಆ ಕ್ಲಾಸಿನ ಅರ್ಧ ಮಕ್ಕಳ ಮನೆಯ ಫೀಸು, ಬಟ್ಟೆ, ಹಬ್ಬ ಎಲ್ಲ ಆ ಗೂಡಿನಿಂದಲೇ. ಅದನ್ನೂ ಹೇಳಿದೆ. ಆ ದಿನ ಕ್ಲಾಸಲ್ಲಿ ಜಗಳವೇ ಆಯಿತು. ಕೊನೆಗೆ ನಮ್ಮ ಶಾಲೆಯ ಗೂಡು ಬೇಯಿಸುವುದು ಬೇಡ ಅಂತ ಅವರೇ ತೀರ್ಮಾನ ಮಾಡಿದರು. ಹನ್ನೊಂದನೇ ದಿನ ಮೊದಲ ಚಿಟ್ಟೆ ಬಂತು. ಅದಕ್ಕೆ ಹಾರಲು ಬರಲ್ಲ, ಏನೂ ತಿನ್ನುವುದೂ ಇಲ್ಲ, ಮೊಟ್ಟೆ ಇಟ್ಟು ಕೆಲವೇ ದಿನಕ್ಕೆ ಸಾಯುತ್ತದೆ. ಮಕ್ಕಳಿಗೆ ಅದನ್ನು ನೋಡಿ ಮತ್ತೆ ದುಃಖ. ನಾನು ಮಧ್ಯೆ ಹೋಗಲಿಲ್ಲ.

ಆಮೆಯನ್ನು ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಡುಗನ ಕೈ ಖಾಲಿ ಬಿಡಬೇಡಿ ತಾಯಿ. ಸಾಕಲು ಅಡ್ಡಿ ಇಲ್ಲದ ಜೀವ ಇದೆ. ಬೇಕಾದರೆ ರೇಷ್ಮೆ ಹುಳು ನಾನು ಕೊಡುತ್ತೇನೆ.

ಮೂರನೇ ಮಹಡಿ ಅಮ್ಮ | ಶುಕ್ರವಾರ, ರಾತ್ರಿ 8:30

ಆಮೆ ಹೋಯಿತು. ನಿಧಾನವಾಗಿ ಬರೆಯುತ್ತೇನೆ.

ಬೆಳಗ್ಗೆ ತಟ್ಟೆಯ ನೀರಲ್ಲಿ ನಿಲ್ಲಿಸಿದಾಗ ಅರ್ಧ ನಿಮಿಷ ಕತ್ತು ಒಳಗೇ ಇತ್ತು. ಆಮೇಲೆ ಹೊರಗೆ ಬಂತು, ನೀರಿಗೆ ಮೂತಿ ಇಟ್ಟು ಕುಡಿಯಿತು. ಗಂಟಲು ಮೇಲೆ ಕೆಳಗೆ ಆಗುವುದು ಕಾಣುತ್ತಿತ್ತು. ದಾಸವಾಳದ ಹೂವು ಒಂದು ಪೂರ್ತಿ ತಿಂದಿತು, ಬಾಯಿ ಸುತ್ತ ಕೆಂಪಾಯಿತು.

ದೂರದ ಅಮ್ಮ ಹೇಳಿದ ಹಾಗೆ ಯಾಕೆ ತಂದೆ ಅಂತ ಕೇಳಿದೆ. ತಾತನ ಹೊಲದಲ್ಲಿ ಕಡಲೆಕಾಯಿ ಕಿತ್ತ ಮೇಲೆ ಟ್ರ್ಯಾಕ್ಟರ್ ಬರುತ್ತೆ ಅಂತ ಮಾತಾಡಿಕೊಳ್ಳುತ್ತಿದ್ದರಂತೆ. ಇದು ಬದುವಿನ ಹತ್ತಿರ ನಿಧಾನಕ್ಕೆ ಹೋಗುತ್ತಿತ್ತು, ಟ್ರ್ಯಾಕ್ಟರ್ ಬಂದರೆ ಓಡಕ್ಕೆ ಆಗಲ್ಲ ಅಲ್ವಾ ಅಮ್ಮ ಅಂದ. ನಾನು ನಾಲ್ಕು ದಿನ ಸುಳ್ಳು ಹೇಳಿದ ಅಂತ ಕೋಪದಲ್ಲಿದ್ದೆ. ಇದನ್ನು ಕೇಳೇ ಇರಲಿಲ್ಲ.

1926ಕ್ಕೆ ಫೋನ್ ಮಾಡಿದೆ. ಹೆಸರು, ವಿಳಾಸ, ಹೇಗೆ ಬಂತು, ಎಲ್ಲ ಬರೆದುಕೊಂಡರು. ಮಧ್ಯಾಹ್ನ ಮೂರಕ್ಕೆ ಇಬ್ಬರು ಬಂದರು. ಅವರಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಹುಡುಗಿ, ಖಾಕಿ ಹಾಕಿದ್ದಳು. ಅವನ ಎದುರು ನೆಲದ ಮೇಲೆ ಕೂತು, ಎಲ್ಲಿ ಸಿಕ್ಕಿತು, ನನಗೆ ಮಾತ್ರ ಹೇಳು ಅಂದಳು. ಅವನು ನೋಟ್‌ಬುಕ್ಕಲ್ಲಿ ನಕ್ಷೆ ಬರೆದುಕೊಟ್ಟ. ಹೊಂಗೆ ಮರ, ಬಂಡೆ, ಕಳ್ಳಿ ಬೇಲಿ, ತಾತನ ಪಂಪ್‌ಸೆಟ್. ಎಷ್ಟು ದೂರ ಅಂತ ಕೇಳಿದ್ದಕ್ಕೆ ಹೆಜ್ಜೆ ಲೆಕ್ಕ ಹೇಳಿದ. ಅವಳು ಆ ಹಾಳೆಯನ್ನು ಮಡಚಿ ಫೈಲೊಳಗೆ ಇಟ್ಟುಕೊಂಡಳು. ಡಬ್ಬವನ್ನು ಜೀಪಿನವರೆಗೆ ಅವನೇ ಹೊತ್ತುಕೊಂಡು ಹೋದ, ಮೂರು ಮಹಡಿ, ಲಿಫ್ಟ್ ಬೇಡ ಅಂದ, ಅಲ್ಲಾಡುತ್ತೆ ಅಂತ.

ಬಾಗಿಲು ಹಾಕಿಕೊಂಡ ಮೇಲೆ ಅತ್ತ. ನಾನೂ ಅತ್ತೆ.

ನಮ್ಮ ಅಪ್ಪನಿಗೆ ಫೋನ್ ಮಾಡಿ ಟ್ರ್ಯಾಕ್ಟರ್ ವಿಷಯ ಹೇಳಿದೆ. ನನಗೆ ಹೇಳಿದ್ದರೆ ಆಗುತ್ತಿತ್ತಲ್ಲ ಮಗ, ಉಳುವ ದಿನ ಮುಂದೆ ಮುಂದೆ ನಾನು ನಡೆಯುತ್ತೇನೆ ಬಿಡು ಅಂದರು. ನಡೆಯುತ್ತಾರೆ, ನನಗೆ ಗೊತ್ತು.

ಇನ್ನು ಅದನ್ನು ಆ ಹೊಲಕ್ಕೇ ಬಿಡುತ್ತಾರಾ? ಅವನು ಹತ್ತು ಸಲ ಕೇಳಿದ್ದಾನೆ.

ಕಾಡಂಚಿನವನು | ರಾತ್ರಿ 9:05

ತಕ್ಷಣ ಬಿಡಲ್ಲ. ಮೊದಲು ಡಾಕ್ಟರ್ ನೋಡುತ್ತಾರೆ, ಸ್ವಲ್ಪ ದಿನ ಬೇರೆ ಇಡುತ್ತಾರೆ, ಕಾಯಿಲೆ ಇಲ್ಲ ಅಂತ ಗೊತ್ತಾಗಬೇಕು. ಆಮೇಲಿನ ತೀರ್ಮಾನ ಇಲಾಖೆಯದು. ಆದರೆ ನಿಮ್ಮ ಮಗನ ನಕ್ಷೆಯ ಬೆಲೆ ನಿಮಗೆ ಗೊತ್ತಿಲ್ಲ ಮೇಡಂ. ಕಳ್ಳರ ಹತ್ತಿರ ಹಿಡಿದ ಆಮೆಗಳ ದೊಡ್ಡ ಸಮಸ್ಯೆಯೇ ಇದು, ಎಲ್ಲಿಂದ ಬಂದವು ಅಂತ ಗೊತ್ತಿರಲ್ಲ. ಗುಜರಾತ್, ರಾಜಸ್ಥಾನದ ಒಣ ನೆಲದವು ಬೇರೆ, ನಮ್ಮ ದಕ್ಷಿಣದವು ಬೇರೆ, ಶ್ರೀಲಂಕಾದವು ಬೇರೆ. ಎಲ್ಲೆಂದರಲ್ಲಿ ಬಿಟ್ಟರೆ ಬೆರಕೆ ಆಗುತ್ತದೆ.

2018ರ ನವೆಂಬರಿನಲ್ಲಿ ಸಿಂಗಾಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ವಾಪಸ್ ಕರ್ನಾಟಕಕ್ಕೆ ಕರೆತಂದರು. ಅಲ್ಲಿ ಜನ ಅಕ್ರಮವಾಗಿ ಇಟ್ಟುಕೊಂಡಿದ್ದವು. ಅಷ್ಟು ದೂರದಿಂದ ತರಲು ಎಷ್ಟು ಕಾಗದ, ಎಷ್ಟು ಜನ, ಎಷ್ಟು ತಿಂಗಳ ಓಡಾಟ ಬೇಕು ಯೋಚಿಸಿ. ಮರುವರ್ಷ, 2019ರಲ್ಲಿ, ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಲ್ಲಿಸುವ ಪಟ್ಟಿಗೆ ಸೇರಿಸಿದರು. ನಿಮ್ಮ ಆಮೆಗೆ ಹೊಂಗೆ ಮರದಿಂದ ಎಷ್ಟು ಹೆಜ್ಜೆ ಅನ್ನುವ ವಿಳಾಸ ಇದೆ.

ಸ್ಟಾಫ್ ರೂಮ್ | ರಾತ್ರಿ 9:30

ಪತ್ರ ಏನು ಮಾಡಿದಿರಿ?

ಮೂರನೇ ಮಹಡಿ ಅಮ್ಮ | ಭಾನುವಾರ, ಸಂಜೆ 6:15

ಬರೆದಿದ್ದಾನೆ. ನಾನು ಹೇಳಿಕೊಡಲಿಲ್ಲ. ಕೇಳದೆ ತಂದದ್ದು ತಪ್ಪು, ಇನ್ನು ಮೇಲೆ ಕೇಳುತ್ತೇನೆ ಅಂತ ಮೊದಲ ಸಾಲು. ಎರಡನೇ ಸಾಲಿನಿಂದ ಕೆರೆ ಆಮೆ, ಹೊಲದ ಆಮೆ ಎರಡರ ಕಾಲಿನ ಚಿತ್ರ. ಕೆಳಗೆ, ಈ ಕಾಲು ಇದ್ದರೆ ಬಕೆಟ್ಟಿಗೆ ಹಾಕಬೇಡಿ ಅಂತ. ಹಾಗೇ ಕಳಿಸುತ್ತಿದ್ದೇನೆ. ಜೊತೆಗೆ ನಾನೂ ಹೋಗಿ ಮಾತಾಡುತ್ತೇನೆ.

ಮೇಷ್ಟ್ರೇ, ಹುಳು ನಿಜವಾಗಲೂ ಕೊಡುತ್ತೀರಾ? ಸೊಪ್ಪಿಗೆ ಏನು ಮಾಡುವುದು?

ಹುಳುಮನೆ ಮೇಷ್ಟ್ರು | ಸಂಜೆ 7:40

ಕೊಡುತ್ತೇನೆ. ಮುಂದಿನ ಭಾನುವಾರ ನಾನೇ ಬೆಂಗಳೂರಿಗೆ ಬರುವುದಿದೆ. ಹತ್ತೇ ಹುಳು, ಮೂರನೇ ಜ್ವರ ಎದ್ದವು. ಅದಕ್ಕಿಂತ ಜಾಸ್ತಿ ಬೇಡ, ಸೊಪ್ಪು ಒದಗಿಸಲು ಆಗಲ್ಲ. ನಿಮ್ಮ ಸುತ್ತಮುತ್ತ ಪಾರ್ಕಲ್ಲೋ ಯಾರದಾದರೂ ಕಾಂಪೌಂಡಲ್ಲೋ ಹಿಪ್ಪುನೇರಳೆ ಗಿಡ ಇದೆಯಾ ಅಂತ ಈ ವಾರ ಅವನೇ ಹುಡುಕಲಿ. ಗಿಡ ಸಿಕ್ಕಿದರೆ ಮಾತ್ರ ಹುಳು. ಔಷಧಿ ಹೊಡೆದ ಗಿಡ ಆಗಬಾರದು. ಸೊಪ್ಪು ಒದ್ದೆ ಇರಬಾರದು, ಒರೆಸಿ ಹಾಕಿ. ಇರುವೆ ಬರದ ಹಾಗೆ ತಟ್ಟೆಯನ್ನು ನೀರಿನ ಮಧ್ಯೆ ಇಡಿ. ಹುಳು ಇರುವಷ್ಟು ದಿನ ಮನೆಯಲ್ಲಿ ಸೊಳ್ಳೆ ಬತ್ತಿ, ಸ್ಪ್ರೇ ಏನೂ ಬೇಡ.

ಮೂರನೇ ಮಹಡಿ ಅಮ್ಮ | ರಾತ್ರಿ 8:02

ಸೊಳ್ಳೆ ಬತ್ತಿ ಈಗಲೇ ತೆಗೆದುಹಾಕಿದೆ. ಹಿಂದಿನ ಬೀದಿಯ ನಿವೃತ್ತ ಮೇಡಂ ಮನೆ ಮುಂದೆ ಒಂದು ಗಿಡ ಇದೆಯಂತೆ, ಹಣ್ಣು ತಿಂದು ಗೊತ್ತಂತೆ. ನಾಳೆ ಹೋಗಿ ಕೇಳುತ್ತಾನೆ. ಸೊಪ್ಪು ಸಿಗದ ದಿನ ಸೌತೆಕಾಯಿ ಹಾಕಬಹುದಾ ಅಂತ ಕೇಳುತ್ತಿದ್ದಾನೆ.

ಹುಳುಮನೆ ಮೇಷ್ಟ್ರು | ರಾತ್ರಿ 8:05

ಆಗಲ್ಲ ಮರಿ. ಹಿಪ್ಪುನೇರಳೆ ಸೊಪ್ಪು ಒಂದೇ. ದಿನಕ್ಕೆ ಮೂರು ಸಲ.